ಲಿವರ್ ಸ್ಕ್ಯಾನ್‌ನಲ್ಲಿ ‘ಎನ್‌ಹಾನ್ಸಿಂಗ್ ಲೀಷನ್’ ಎಂದಿದ್ದರೆ ಅದು ಕ್ಯಾನ್ಸರ್ ಎಂದರ್ಥವೇ?

ಹೊಟ್ಟೆನೋವೆಂದು ಮಾಡಿಸಿದ ಸ್ಕ್ಯಾನ್‌ನ ರಿಪೋರ್ಟ್ ಕೈಗೆ ಬರುತ್ತದೆ. ಅದರಲ್ಲಿ ‘ಲಿವರ್‌ನಲ್ಲಿ ಎನ್‌ಹಾನ್ಸಿಂಗ್ ಲೀಷನ್’ ಎಂಬ ಸಾಲು. ವೈದ್ಯರನ್ನು ಕಾಣಲು ಇನ್ನೂ ಎರಡು ದಿನ. ಅಷ್ಟರಲ್ಲಿ ಮೊಬೈಲಿನಲ್ಲಿ ಹುಡುಕಿ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ. ಈ ಪದದ ಅರ್ಥ ಕ್ಯಾನ್ಸರ್ ಎಂದೇ? ಅಲ್ಲ. ಯಾಕೆಂದು ನೋಡೋಣ.

ಈ ಪದಗಳ ಅರ್ಥವೇನು?

ಲೀಷನ್ ಎಂದರೆ ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಜಾಗ, ಅಷ್ಟೇ. ಸ್ಕ್ಯಾನ್ ವೇಳೆ ಕೈಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುತ್ತಾರೆ. ಸಿಟಿಯಲ್ಲಿ ಅಯೋಡಿನ್, ಎಂಆರ್‌ಐಯಲ್ಲಿ ಸಾಮಾನ್ಯವಾಗಿ ಗ್ಯಾಡೋಲಿನಿಯಂ ಇರುವ ದ್ರವ. ಅದು ರಕ್ತದೊಂದಿಗೆ ತಲುಪಿದ ಜಾಗ ಬೆಳ್ಳಗೆ ಕಾಣುತ್ತದೆ. ಅದೇ ಎನ್‌ಹಾನ್ಸ್‌ಮೆಂಟ್.

ಹಲವು ಬಾರಿ ಚಿತ್ರ ತೆಗೆಯುವುದೇಕೆ?

ಲಿವರ್‌ಗೆ ಸುಮಾರು 75% ರಕ್ತ ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ ಬರುತ್ತದೆ. ಉಳಿದದ್ದು ಅಪಧಮನಿಯಲ್ಲಿ. ಕಾಂಟ್ರಾಸ್ಟ್ ಮೊದಲು ಬರುವುದು ಅಪಧಮನಿಯಿಂದ. ಹಾಗಾಗಿ ಸುಮಾರು 35 ಸೆಕೆಂಡಿಗೆ, 70 ಸೆಕೆಂಡಿಗೆ, ಮತ್ತೆ 3–5 ನಿಮಿಷಕ್ಕೆ ಚಿತ್ರ ತೆಗೆಯುತ್ತಾರೆ. ಬೆಳ್ಳಗಾಯಿತೇ ಎನ್ನುವುದಕ್ಕಿಂತ ಯಾವಾಗ, ಹೇಗೆ ಬೆಳ್ಳಗಾಯಿತು ಎಂಬುದೇ ಮುಖ್ಯ.

• ನೀರುಗುಳ್ಳೆ (ಸಿಸ್ಟ್): ಯಾವ ಹಂತದಲ್ಲೂ ಬೆಳ್ಳಗಾಗುವುದಿಲ್ಲ.
• ಹೆಮಾಂಜಿಯೋಮಾ: ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಶುರುವಾಗಿ, ನಿಧಾನಕ್ಕೆ ನಡುವಿನವರೆಗೆ ತುಂಬಿಕೊಳ್ಳುತ್ತದೆ. ಇದು ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ.
• ಲಿವರ್‌ನದೇ ಕ್ಯಾನ್ಸರ್ (ಹೆಪಟೋಸೆಲ್ಯುಲರ್ ಕಾರ್ಸಿನೋಮಾ): ಹೆಚ್ಚಾಗಿ ಅಪಧಮನಿಯ ರಕ್ತ ಪಡೆಯುವುದರಿಂದ ಮೊದಲೇ ಬೆಳ್ಳಗಾಗಿ, ನಂತರ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಇದನ್ನು ‘ವಾಷ್‌ಔಟ್’ ಎನ್ನುತ್ತಾರೆ.

ಹಾಗಾದರೆ ಚಿತ್ರ ನೋಡಿಯೇ ಹೇಳಬಹುದೇ?

ಎಲ್ಲರಲ್ಲೂ ಅಲ್ಲ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ ಕೊನೆಯ ಲಕ್ಷಣಗಳು ಸ್ಪಷ್ಟವಾಗಿದ್ದರೆ ಬಯಾಪ್ಸಿ ಇಲ್ಲದೆಯೂ ಕ್ಯಾನ್ಸರ್ ಎಂದು ನಿರ್ಧರಿಸಬಹುದು. ಆರೋಗ್ಯವಂತ ಲಿವರ್‌ನಲ್ಲಿ ಅದೇ ಚಿತ್ರಕ್ಕೆ ಬೇರೆ ಕಾರಣವಿರಬಹುದು. ಚಿಕ್ಕ ಹೆಮಾಂಜಿಯೋಮಾ ಕೂಡ ಒಮ್ಮೆಲೇ ಬೆಳ್ಳಗಾಗುವುದುಂಟು.

ಒಂದೇ ಹಂತದ ಸಿಟಿ ಆಗಿದ್ದರೆ ವೈದ್ಯರು ಮತ್ತೊಮ್ಮೆ ಸ್ಕ್ಯಾನ್ ಹೇಳುತ್ತಾರೆ. ಅದು ದುಡ್ಡು ಕೀಳಲು ಎಂದುಕೊಂಡು ಮುಂದೂಡಬೇಡಿ. ಸಿರೋಸಿಸ್ ಇರುವವರಿಗಂತೂ ತಡ ಮಾಡುವುದು ಅಪಾಯ. ಹಳೆಯ ಸ್ಕ್ಯಾನ್‌ಗಳನ್ನು ಜೊತೆಗೆ ಒಯ್ಯಿರಿ. ಕಿಡ್ನಿ ತೊಂದರೆ ಅಥವಾ ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿ ಆಗಿದ್ದರೆ ಮೊದಲೇ ತಿಳಿಸಿ.

ಒಟ್ಟಿನಲ್ಲಿ: ‘ಎನ್‌ಹಾನ್ಸಿಂಗ್ ಲೀಷನ್ ಎಂದರೆ ಕ್ಯಾನ್ಸರ್’ ಎಂಬುದು ತಪ್ಪು. ‘ಏನೂ ಇಲ್ಲ ಬಿಡಿ’ ಎನ್ನುವುದೂ ಅಷ್ಟೇ ತಪ್ಪು.