ಸಂವಿಧಾನವೂ ನಮ್ಮ ಮನೆಯ ಪಂಕ್ತಿಯೂ

ಶರಣಬಂಧುಗಳಲ್ಲಿ ನಮ್ಮದೇ ಒಂದು ತಪ್ಪನ್ನು ನಿವೇದಿಸಿಕೊಂಡು ಈ ಲೇಖನವನ್ನು ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಪೂಜೆ ಮುಗಿದು ಹೊಸ ಪಡಸಾಲೆಯಲ್ಲಿ ಪ್ರಸಾದದ ಪಂಕ್ತಿ ಕುಳಿತಿತು. ಆ ಮನೆಯ ಗೋಡೆಗಳನ್ನು ಎಬ್ಬಿಸಿದ, ಅಡುಗೆಮನೆಯ ಕಟ್ಟೆಗೆ ಕಲ್ಲು ಕೂರಿಸಿದ ಗೌಂಡಿಗೆ ಮಾತ್ರ ಅಂಗಳದ ಮೂಲೆಯಲ್ಲಿ ಎಲೆ ಹಾಕಿದ್ದರು. ನಿನ್ನೆಯವರೆಗೆ ಒಳಗೆಲ್ಲ ಓಡಾಡಿದವರು ಅಂದು ಹೊರಗಿನವರಾದರು. ನಾವು ಕಂಡೆವು. ಸಮಾರಂಭಕ್ಕೆ ಭಂಗ ಬಂದೀತೆಂದು ಸುಮ್ಮನೆ ಉಂಡು ಎದ್ದೆವು. ಅಂದು ಸಂಜೆ ಅದೇ ಊರಿನಲ್ಲಿ ಸಮಾನತೆಯ ಕುರಿತು ಉಪನ್ಯಾಸವನ್ನೂ ಮಾಡಿದೆವು!

ಈ ದೇಶದ ಕಾನೂನು ಇಂತಹ ಭೇದವನ್ನು ಒಪ್ಪುವುದಿಲ್ಲ. ಸಂವಿಧಾನದ 14ನೆಯ ಅನುಚ್ಛೇದವು ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಾರುತ್ತದೆ. 15ನೆಯದು ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿ ಜಾತಿಭೇದವನ್ನು ನಿಷೇಧಿಸುತ್ತದೆ. ಕೆರೆ-ಬಾವಿಗಳ ಹೆಸರು ಅಲ್ಲಿ ಸುಮ್ಮನೆ ಬಂದುದಲ್ಲ. 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ಸಾರ್ವಜನಿಕ ಕೆರೆಯ ಒಂದು ಬೊಗಸೆ ನೀರಿಗಾಗಿ ಡಾ. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಸತ್ಯಾಗ್ರಹ ಹೂಡಬೇಕಾಯಿತು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಆಚರಿಸಕೂಡದೆಂದು ರದ್ದುಗೊಳಿಸಿತು. ಅದನ್ನು ಜಾರಿಗೆ ತರಲು 1955ರಲ್ಲಿ ಬಂದ ಕಾಯಿದೆಯೇ 1976ರ ತಿದ್ದುಪಡಿಯ ತರುವಾಯ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಾಯಿತು. 1989ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ ಕಾಯಿದೆಯೂ ಬಂದಿತು.

ಇಷ್ಟಿದ್ದೂ ಅಂಗಳದ ಎಲೆ ಏಕೆ ಉಳಿಯಿತು? ಕಾನೂನು ಎಚ್ಚೆತ್ತುಕೊಳ್ಳಬೇಕಾದರೆ ಯಾರಾದರೂ ದೂರು ಕೊಡಬೇಕು. ಗೌಂಡಿ ದೂರು ಕೊಡಲಾರರು. ನಾಳೆಯ ಕೂಲಿ ಅದೇ ಓಣಿಯ ಮನೆಗಳಿಂದಲೇ ಬರಬೇಕು. ಅನ್ಯಾಯಕ್ಕೆ ಒಳಗಾದವರ ಬಾಯಿಯನ್ನು ಹಸಿವು ಕಟ್ಟಿರುತ್ತದೆ. ಒಳಗಿನ ಪಂಕ್ತಿಯಲ್ಲಿ ಕುಳಿತವರ ಬಾಯಿಯನ್ನು ಕಟ್ಟಿದವರು ಯಾರು? ಬರಿಯ ದಾಕ್ಷಿಣ್ಯ! ಆದುದರಿಂದ ಮೊದಲ ಮಾತನ್ನು ಆಡಬೇಕಾದವರು ಒಳಗೆ ಕುಳಿತ ನಾವೇ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಇದನ್ನೇ ಎಚ್ಚರಿಸಿದ್ದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯ ಬಹುಕಾಲ ಮುಂದುವರಿದರೆ ಪ್ರಜಾಪ್ರಭುತ್ವಕ್ಕೇ ಅಪಾಯವೆಂಬುದು ಅವರ ಮಾತಿನ ಸಾರ. ಮತಗಟ್ಟೆಯ ಸಾಲಿನಲ್ಲಿ ಒಟ್ಟಿಗೆ ನಿಲ್ಲುವವರು ಊಟದ ಸಾಲಿನಲ್ಲಿ ಬೇರೆಯಾದರೆ, ನಾವು ಪಡೆದ ಪ್ರಜಾಪ್ರಭುತ್ವ ಅರ್ಧವೇ ಸರಿ.

ನಮಗಂತೂ ಇದು ಹೊರಗಿನಿಂದ ಬಂದ ಪಾಠವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಡೋಹರ ಕಕ್ಕಯ್ಯನವರು ಬಸವಣ್ಣನವರ ಸಮಕ್ಕೆ ಕುಳಿತರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ನಡೆದ ವಿವಾಹಕ್ಕಾಗಿ ಆ ತಂದೆಯರಿಬ್ಬರೂ ಪ್ರಾಣವನ್ನೇ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರು ಪ್ರಾಣ ಕೊಟ್ಟ ತತ್ತ್ವಕ್ಕೆ ನಾವು ಪಂಕ್ತಿಯಲ್ಲಿ ಒಂದು ಎಲೆಯ ಜಾಗವನ್ನೂ ಕೊಡಲಾರೆವೆ?

ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಗೆಲಸದವರಿಗೆಂದು ಕಿಟಕಿಯ ಮೇಲೆ ಬೇರೆ ಲೋಟವಿದ್ದರೆ ಇಂದೇ ತೆಗೆಯಿರಿ. ಮಕ್ಕಳು ಉಪನ್ಯಾಸದಿಂದ ಕಲಿಯುವುದಿಲ್ಲ, ಲೋಟವನ್ನು ನೋಡಿ ಕಲಿಯುತ್ತಾರೆ. ನಾವೂ ಒಂದು ನಿಯಮ ಹಾಕಿಕೊಂಡಿದ್ದೇವೆ. ಮನೆ ಕಟ್ಟಿದವರಿಗೆ ಪಂಕ್ತಿಯಲ್ಲಿ ಎಲೆ ಬೀಳುವವರೆಗೆ ನಮ್ಮ ಎಲೆಗೂ ಬಡಿಸಬೇಡಿರೆಂದು ಮೊದಲೇ ತಿಳಿಸುತ್ತೇವೆ. ಇದುವರೆಗೆ ಯಾವ ಮನೆಯಲ್ಲಿಯೂ ನಾವು ಉಪವಾಸ ಎದ್ದು ಬಂದಿಲ್ಲ. ಕೇಳಿದರೆ ಕೊಡುವ ಜನ ನಮ್ಮವರು. ಅಂದು ನಾವು ಕೇಳಲಿಲ್ಲ, ಅಷ್ಟೆ.