ನ್ಯಾಯಾಲಯಕ್ಕೂ ಮನೆಗೂ ನಡುವೆ: ಪ್ರೊಬೇಷನ್ ಅಧಿಕಾರಿಯ ಸಹಾಯಕರು

ನ್ಯಾಯಾಲಯದ ಕಟಕಟೆಯಲ್ಲಿ ನಿಂತ ವ್ಯಕ್ತಿಯ ಬಗೆಗೆ ನ್ಯಾಯಾಧೀಶರಿಗೆ ತಿಳಿದಿರುವುದು ಬಹುಮಟ್ಟಿಗೆ ಕಡತದಲ್ಲಿರುವಷ್ಟೇ. ಆರೋಪವೇನು, ಸಾಕ್ಷಿಗಳು ಏನು ಹೇಳಿದರು, ಪೊಲೀಸರು ಏನನ್ನು ವಶಪಡಿಸಿಕೊಂಡರು ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಆದರೆ ಆತ ಯಾರ ಮಗ, ಶಾಲೆಯನ್ನು ಏಕೆ ಬಿಟ್ಟ, ರಾತ್ರಿ ಎಲ್ಲಿ ಮಲಗುತ್ತಾನೆ, ಬಿಡುಗಡೆಯಾದರೆ ಕೈಹಿಡಿದು ನಡೆಸುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗಳಿಗೆ ಆ ಕಡತದಲ್ಲಿ ಉತ್ತರವಿರುವುದಿಲ್ಲ. ಈ ಕೊರತೆಯನ್ನು ತುಂಬುವ ಹೊಣೆಯನ್ನು ನಮ್ಮ ಕಾನೂನು ಪ್ರೊಬೇಷನ್ ಅಧಿಕಾರಿಗೆ, ಅಂದರೆ ಪರಿವೀಕ್ಷಣಾಧಿಕಾರಿಗೆ, ವಹಿಸಿದೆ. ಆ ಅಧಿಕಾರಿಯ ಜೊತೆಯಲ್ಲಿ ನಿಂತು ದುಡಿಯುವ ಸಹಾಯಕರ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದು ಅಪರೂಪ. ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ಕೆಲಸವನ್ನು ಅರಿತುಕೊಳ್ಳಲು ವಿಶೇಷ ಕಾರಣವೂ ಇದೆ. ಅದನ್ನು ಮುಂದೆ ವಿವರಿಸುತ್ತೇವೆ.

ಹಿನ್ನೆಲೆ

ಈ ಪದ್ಧತಿಯ ಮೂಲಪುರುಷನೆಂದು ಹೆಸರಾದವನು ಸರಕಾರಿ ಅಧಿಕಾರಿಯಲ್ಲ, ಅಮೆರಿಕದ ಬೋಸ್ಟನ್ ನಗರದ ಒಬ್ಬ ಚಮ್ಮಾರ. ಜಾನ್ ಅಗಸ್ಟಸ್ ಎಂಬ ಈತ 1841ರಲ್ಲಿ ಕುಡಿತದ ಆರೋಪಿಯೊಬ್ಬನಿಗೆ ತಾನೇ ಜಾಮೀನು ನಿಂತು, ಅವನನ್ನು ಸರಿದಾರಿಗೆ ತರುವುದಾಗಿ ನ್ಯಾಯಾಲಯಕ್ಕೆ ಮಾತುಕೊಟ್ಟನು. ಮುಂದೆ 1859ರಲ್ಲಿ ತೀರಿಕೊಳ್ಳುವವರೆಗೂ ಸಂಬಳವಿಲ್ಲದೆ ಇದೇ ಸೇವೆಯಲ್ಲಿ ತೊಡಗಿದ್ದನು. ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸುವ ಶಾಸನ ಮಸಾಚುಸೆಟ್ಸ್ ರಾಜ್ಯದಲ್ಲಿ ಬಂದುದು 1878ರಲ್ಲಿ. ಅಂದರೆ ಈ ಕ್ಷೇತ್ರದಲ್ಲಿ ಸ್ವಯಂಸೇವಕ ಮೊದಲು ಬಂದ, ಅಧಿಕಾರಿ ಅನಂತರ ಬಂದ.

ನಮ್ಮಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೇ ಮೊದಲ ಬಾರಿಗೆ ತಪ್ಪು ಮಾಡಿದವರನ್ನು ಸನ್ನಡತೆಯ ಷರತ್ತಿನ ಮೇಲೆ ಬಿಡುವ ಅವಕಾಶವಿತ್ತು. ಮುಂಬಯಿ ಪ್ರಾಂತದಲ್ಲಿ 1924ರಲ್ಲಿ ಮಕ್ಕಳ ಕಾಯ್ದೆ ಬಂದಿತು. ಅದರ ಬೆನ್ನಿಗೇ 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಸ್ಥಾಪನೆಯಾಯಿತು. ಡೋಂಗ್ರಿಯ ಉಮರಖಾಡಿಯಲ್ಲಿರುವ ವೀಕ್ಷಣಾಲಯ ಇದೇ ಸಂಸ್ಥೆಯದು. ಇಡೀ ದೇಶಕ್ಕೆ ಅನ್ವಯಿಸುವಂತೆ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ ರೂಪುಗೊಂಡುದು 1958ರಲ್ಲಿ. ಹದಿನೆಂಟರೊಳಗಿನ ಮಕ್ಕಳ ವಿಷಯಕ್ಕೆ ಈಗ 2015ರ ಬಾಲ ನ್ಯಾಯ ಕಾಯ್ದೆ ಜಾರಿಯಲ್ಲಿದೆ.

ಕಾನೂನು ಏನು ಹೇಳುತ್ತದೆ?

1958ರ ಅಧಿನಿಯಮದಂತೆ ಕಳವು, ವಂಚನೆಯಂಥ ಕೆಲವು ಅಪರಾಧಗಳಲ್ಲಿ, ಹಾಗೂ ಎರಡು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧಗಳಲ್ಲಿ, ಹಿಂದೆ ಶಿಕ್ಷೆಯಾಗಿರದ ವ್ಯಕ್ತಿಯನ್ನು ಎಚ್ಚರಿಕೆ ಹೇಳಿ ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಇತರ ಅಪರಾಧಗಳಲ್ಲಿ, ಮೂರು ವರ್ಷಕ್ಕೆ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಅಗತ್ಯ ಕಂಡರೆ ಕನಿಷ್ಠ ಒಂದು ವರ್ಷ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿರುವಂತೆಯೂ ಆದೇಶಿಸಬಹುದು. ಜೀವಾವಧಿ ಶಿಕ್ಷೆಯಷ್ಟು ಗಂಭೀರವಲ್ಲದ ಪ್ರಕರಣಗಳಲ್ಲಿ ಇಪ್ಪತ್ತೊಂದು ವರ್ಷ ತುಂಬದವರನ್ನು ಸೆರೆಮನೆಗೆ ಕಳುಹಿಸುವ ಮೊದಲು ನ್ಯಾಯಾಲಯವು ಅಧಿಕಾರಿಯ ವರದಿಯನ್ನು ತರಿಸಿಕೊಳ್ಳಲೇಬೇಕು. ಆ ಬಳಿಕವೂ ಸೆರೆಮನೆಯೇ ತಕ್ಕುದೆಂದು ಕಂಡರೆ ಅದರ ಕಾರಣವನ್ನು ಬರೆದಿಡಬೇಕು.

ಎಲ್ಲ ಪ್ರಕರಣಗಳಿಗೂ ಈ ಬಾಗಿಲು ತೆರೆದಿಲ್ಲ. ಹದಿನೆಂಟು ದಾಟಿದವರಿಗೆ 1985ರ ಮಾದಕ ವಸ್ತುಗಳ ಕಾಯ್ದೆಯ ಬಹುತೇಕ ಅಪರಾಧಗಳಲ್ಲಿ ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ಅಪರಾಧಗಳಲ್ಲಿ ಈ ಸೌಲಭ್ಯ ದೊರೆಯದು.

ವರದಿ ಎಂದರೇನು?

ಮಕ್ಕಳ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಸೇರಿದ ಪೀಠವದು. ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಮಗುವನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ ದಿನದಿಂದ ಹದಿನೈದು ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಬರಬೇಕೆಂಬ ನಿಯಮವಿದೆ. ಮನೆಯ ಆದಾಯ, ತಂದೆತಾಯಿಯರ ಸಂಬಂಧ, ಮಗುವಿನ ಆರೋಗ್ಯ, ಓದು, ಗೆಳೆಯರು, ದುಡಿಮೆ, ದುಶ್ಚಟ, ಹಿಂದಿನ ನಡತೆ, ಕೃತ್ಯಕ್ಕೆ ಕಾರಣವಾದ ಸನ್ನಿವೇಶ, ಇವೆಲ್ಲವೂ ಅದರಲ್ಲಿರಬೇಕು. ಜಾಮೀನು ಕೊಟ್ಟರೆ ಮಗು ಅಪರಾಧಿಗಳ ಸಹವಾಸಕ್ಕೆ ಬೀಳುವುದೇ, ಅಪಾಯಕ್ಕೆ ಸಿಲುಕುವುದೇ ಎಂಬುದನ್ನು ನಿರ್ಣಯಿಸಲೂ ಮನೆಯ ಸ್ಥಿತಿ ತಿಳಿದಿರಬೇಕಾಗುತ್ತದೆ.

ಹದಿನೈದು ದಿನ ಬಹಳವೆಂದು ತೋರಬಹುದು. ಆದರೆ ಅಧಿಕಾರಿಯ ಕೈಯಲ್ಲಿ ಒಂದೇ ಪ್ರಕರಣವಿರುವುದಿಲ್ಲ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯ ಮಾದರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೊಂದಕ್ಕೆ ಇರುವುದು ಕಾನೂನು ಹಾಗೂ ಪ್ರೊಬೇಷನ್ ಎರಡನ್ನೂ ನೋಡಿಕೊಳ್ಳುವ ಒಬ್ಬ ಅಧಿಕಾರಿ, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು. ‘ಸಹಾಯಕ’ ಎಂಬ ಹೆಸರಿನ ಹುದ್ದೆ ಎಲ್ಲ ಕಡೆ ಇಲ್ಲದಿದ್ದರೂ ಸಹಾಯಕನ ಕೆಲಸ ಮಾಡುವವರು ಇವರೇ. ಇವರೊಡನೆ ಸಮಾಜಕಾರ್ಯ ಕಾಲೇಜುಗಳ ವಿದ್ಯಾರ್ಥಿಗಳು, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು, ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರು ಕೈಜೋಡಿಸುತ್ತಾರೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1990ರಲ್ಲಿ ಆರಂಭಿಸಿದ ‘ಪ್ರಯಾಸ್’ ಯೋಜನೆ ಮುಂಬಯಿಯ ಸೆರೆಮನೆ, ಠಾಣೆ, ನ್ಯಾಯಾಲಯಗಳ ಸುತ್ತ ಇಂಥ ಸೇವೆಗೆ ಹೆಸರಾಗಿದೆ.

ಸಹಾಯಕರ ದಿನಚರಿ

ಮೊದಲ ಕೆಲಸ ಮನೆಯನ್ನು ಹುಡುಕುವುದು. ಪೊಲೀಸರ ಕಾಗದದಲ್ಲಿ ‘ಸ್ಟೇಷನ್ ಹಿಂದಿನ ಝೋಪಡಪಟ್ಟಿ’ ಎಂದಷ್ಟೇ ಇರಬಹುದು. ಕಟ್ಟಡ ಮುಗಿದ ಕೂಡಲೇ ಕೂಲಿಕಾರರ ಬಿಡಾರ ಬೇರೆಡೆಗೆ ಹೋಗಿರಬಹುದು. ಮನೆ ಸಿಕ್ಕಿದ ಮೇಲೆ ನೆರೆಹೊರೆಯವರೆದುರು ವಿಷಯ ಬಯಲಾಗದಂತೆ ಮಾತನಾಡಬೇಕು. ಮನೆಯವರು ಮೊದಲ ದಿನ ಎಲ್ಲವನ್ನೂ ಹೇಳುವುದಿಲ್ಲ. ಬಂದವರು ಪೊಲೀಸರೋ, ಲಂಚ ಕೇಳುವವರೋ ಎಂಬ ಭಯ ಅವರಿಗಿರುತ್ತದೆ. ಎರಡನೆಯ ಭೇಟಿಯಲ್ಲಿ ಬಾಯಿ ಬಿಡುವುದುಂಟು. ಶಾಲೆಯ ಶಿಕ್ಷಕರನ್ನು, ಕೆಲಸ ಕೊಟ್ಟ ಮಾಲಿಕರನ್ನು ಕಾಣಬೇಕು. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ವರದಿಗೆ ರುಜು ಹಾಕುವವರು ಅಧಿಕಾರಿ. ಆದರೆ ಅದರ ಸತ್ಯಾಂಶ ನಿಂತಿರುವುದು ಈ ಟಿಪ್ಪಣಿಗಳ ಮೇಲೆ.

ವಯಸ್ಸಿನ ದಾಖಲೆಯನ್ನು ಹುಡುಕುವುದು ಎರಡನೆಯ ಮುಖ್ಯ ಕೆಲಸ. ಹದಿನೇಳರ ಹುಡುಗ ತನಗೆ ಹತ್ತೊಂಬತ್ತೆಂದು ಹೇಳಿ ಕೆಲಸಕ್ಕೆ ಸೇರಿದ್ದರೆ, ಬಂಧನವಾದಾಗಲೂ ಅದೇ ವಯಸ್ಸು ದಾಖಲಾಗಿ ದೊಡ್ಡವರ ಸೆರೆಮನೆ ಸೇರುವ ಅಪಾಯವಿದೆ. ಕಾಯ್ದೆಯಂತೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರಕ್ಕೆ ಮೊದಲ ಮನ್ನಣೆ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯತಿಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಅಪರಾಧ ನಡೆದ ದಿನ ತಾನು ಬಾಲಕನಾಗಿದ್ದೆನೆಂಬ ವಾದವನ್ನು ಪ್ರಕರಣದ ಯಾವ ಹಂತದಲ್ಲಿಯೂ, ತೀರ್ಪಿನ ಅನಂತರವೂ, ಎತ್ತಬಹುದು.

ಬಿಡುಗಡೆಯಾದ ಮೇಲೆ ಸಹಾಯಕರ ಕೆಲಸ ಇನ್ನಷ್ಟು ದೀರ್ಘವಾದುದು. ಹಾಜರಿಯ ತಾರೀಖು ನೆನಪಿಸುವುದು, ಶಾಲೆಗೆ ಮರಳಿ ಸೇರಿಸುವುದು, ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸುವುದು, ಆಧಾರ್ ಮಾಡಿಸುವುದು, ಕೆಲಸ ಹುಡುಕಿಕೊಡುವುದು. ಕೆಲಸ ಹುಡುಕಲು ಪ್ರಯತ್ನಿಸುವುದು ಪರಿವೀಕ್ಷಣಾಧಿಕಾರಿಯ ಕರ್ತವ್ಯಗಳಲ್ಲೊಂದೆಂದು 1958ರ ಅಧಿನಿಯಮವೇ ಹೇಳಿದೆ.

ಕನ್ನಡದ ಅಗತ್ಯ ಎಲ್ಲಿ?

ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಒಂದು ಬಿಡಾರಕ್ಕೆ ಕನ್ನಡ ಬಾರದ ಕಾರ್ಯಕರ್ತರು ಹೋದರೆಂದು ಊಹಿಸೋಣ. ಹುಡುಗನ ತಂದೆ ಎಲ್ಲಿ ಎಂದು ಕೇಳಿದಾಗ ತಾಯಿ ತನಗೆ ಬಂದ ಹಿಂದಿಯಲ್ಲಿ ‘ಛೋಡ್ ಕೆ ಗಯಾ’ ಎನ್ನುತ್ತಾಳೆ. ತಂದೆ ಸಂಸಾರವನ್ನು ತೊರೆದು ಹೋಗಿದ್ದಾನೆಂದು ವರದಿಯಾಗುತ್ತದೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ್ದರೆ ಆಕೆ, ‘ನಮ್ಮನ್ನ ಇಲ್ಲೇ ಬಿಟ್ಟು ಊರಿಗೆ ಹೋಗ್ಯಾರ್ರೀ, ಬಿತ್ತಾಕ’ ಎನ್ನುತ್ತಿದ್ದಳು. ಬಿತ್ತನೆಗೆ ಹೋದ ತಂದೆ ತಿಂಗಳೊಳಗೆ ಮರಳುವವನು. ಹೆಂಡತಿ ಮಕ್ಕಳನ್ನು ತೊರೆದವನು ಮರಳುವುದಿಲ್ಲ. ಮಗನನ್ನು ಮನೆಗೆ ಕಳುಹಿಸಬೇಕೋ ಬೇಡವೋ ಎಂಬ ತೀರ್ಮಾನ ಈ ಒಂದು ವಾಕ್ಯದ ಮೇಲೆ ನಿಲ್ಲಬಹುದು.

ದಾಖಲೆಗಳ ವಿಷಯವೂ ಹೀಗೆಯೇ. ಊರಿನ ಸರಕಾರಿ ಶಾಲೆಯ ದಾಖಲಾತಿ ಪುಸ್ತಕ ಕನ್ನಡದಲ್ಲಿರುತ್ತದೆ. ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿ, ಬೇಕಾದ ಪುಟ ಯಾವುದೆಂದು ವಿವರಿಸಿ, ಬಂದ ಪ್ರತಿಯನ್ನು ಅಧಿಕಾರಿಗೆ ಓದಿ ಹೇಳಲು ಕನ್ನಡ ಬಲ್ಲವರೇ ಬೇಕು.

ದೊಡ್ಡವರ ಪ್ರಕರಣದಲ್ಲಿ ಇನ್ನೊಂದು ತೊಡಕಿದೆ. ಮುಚ್ಚಳಿಕೆಯ ಮೇಲೆ ಬಿಡಬೇಕಾದರೆ ಆರೋಪಿಗಾಗಲಿ ಜಾಮೀನುದಾರನಿಗಾಗಲಿ ಖಾಯಂ ವಾಸಸ್ಥಳ ಅಥವಾ ಕ್ರಮಬದ್ಧವಾದ ಉದ್ಯೋಗ ಇರುವುದೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಹೋಟೆಲಿನಲ್ಲಿ ದುಡಿದು ಅಲ್ಲಿಯೇ ಮಲಗುವ ಇಪ್ಪತ್ತರ ತರುಣನಿಗೆ ಬಾಡಿಗೆ ಪತ್ರವೆಲ್ಲಿಯದು? ಮಾಲಿಕರು ಮುಂದೆ ಬಂದು ‘ಇವನು ನಮ್ಮಲ್ಲಿ ಇಷ್ಟು ಕಾಲದಿಂದ ಇದ್ದಾನೆ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ’ ಎಂದು ಹೇಳಿದರೆ ಅದಕ್ಕೆ ಬೆಲೆಯುಂಟು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಊರಿನಿಂದ ಒಬ್ಬಂಟಿಯಾಗಿ ಬಂದ ಹುಡುಗನ ಸ್ಥಿತಿಯನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೀರಬಾರದ ಗೆರೆಗಳು

ಸಹಾಯಕರು ವಕೀಲರಲ್ಲ, ಪೊಲೀಸರೂ ಅಲ್ಲ. ತಪ್ಪೊಪ್ಪಿಗೆ ಕೇಳುವುದು, ಬಿಡುಗಡೆಯ ಭರವಸೆ ಕೊಡುವುದು, ಹಣ ಅಥವಾ ಉಡುಗೊರೆ ಪಡೆಯುವುದು ಸಲ್ಲದು. ನಮ್ಮವನೆಂಬ ಅಭಿಮಾನದಿಂದ ವರದಿಯನ್ನು ಸಿಹಿಗೊಳಿಸುವುದೂ ತಪ್ಪು. ನೊಂದವರು ಇನ್ನೊಂದು ಕಡೆ ಇದ್ದಾರೆಂಬುದನ್ನು ಮರೆಯಲಾಗದು. ಬಿಡುಗಡೆಯ ಜೊತೆಗೆ ಅವರಿಗೆ ಪರಿಹಾರ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಸುಳ್ಳು ವರದಿಯಿಂದ ಹೊರಬಂದವನು ಮತ್ತೆ ಸಿಕ್ಕಿಬಿದ್ದರೆ, ಮುಂದಿನ ಹತ್ತು ಹುಡುಗರ ನಿಜವಾದ ವರದಿಯನ್ನೂ ಯಾರೂ ನಂಬುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದುದು ಗೋಪ್ಯ. ಅಧಿಕಾರಿಯ ವರದಿ ಗೋಪ್ಯವಾದುದು. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೊರನಾಡಿನ ಕನ್ನಡ ಸಮಾಜ ಚಿಕ್ಕದು. ಮದುವೆ, ಪೂಜೆ, ವಾರ್ಷಿಕೋತ್ಸವಗಳಲ್ಲಿ ಎಲ್ಲರೂ ಎಲ್ಲರನ್ನೂ ಕಾಣುತ್ತೇವೆ. ‘ಅವರ ಮನೆಯ ಹುಡುಗ’ ಎಂಬ ಪಿಸುಮಾತು ಒಮ್ಮೆ ಹೊರಬಿದ್ದರೆ ಅವನ ತಂಗಿಯ ಮದುವೆಯವರೆಗೂ ಹಿಂಬಾಲಿಸುತ್ತದೆ. ಬಾಲ ನ್ಯಾಯ ಕಾಯ್ದೆ ಸಾಮಾನ್ಯವಾಗಿ ಮಗುವಿನ ಮೇಲಿನ ಕಳಂಕವನ್ನು ಅಳಿಸುತ್ತದೆ. 1958ರ ಅಧಿನಿಯಮವೂ ಪ್ರೊಬೇಷನ್ನಿನ ಮೇಲೆ ಬಿಡುಗಡೆಯಾದವನನ್ನು ಅಪರಾಧ ನಿರ್ಣಯಕ್ಕೆ ಅಂಟಿದ ಅನರ್ಹತೆಗಳಿಂದ ಕಾಪಾಡುತ್ತದೆ. ಆದರೆ ಅಪರಾಧ ನಿರ್ಣಯವೇ ಅಳಿದುಹೋಗುವುದಿಲ್ಲ, ಇಲಾಖೆಯ ಕ್ರಮ ತಪ್ಪುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಸ್ಪಷ್ಟಪಡಿಸಿದೆ. ಕಾನೂನು ಅಳಿಸಿದ ಕಳಂಕವನ್ನು ನಮ್ಮ ನಾಲಗೆ ಮತ್ತೆ ಬರೆಯಬಾರದು.

ಸೇರಬಯಸುವವರಿಗೆ

ವೃತ್ತಿಯಾಗಿ ಆರಿಸಿಕೊಳ್ಳುವವರಿಗೆ ಸಮಾಜಕಾರ್ಯದ ಪದವಿ ಒಳ್ಳೆಯ ದಾರಿ. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಟಾಟಾ ಸಂಸ್ಥೆ, 1955ರ ನಿರ್ಮಲಾ ನಿಕೇತನ, ಮಂಗಳೂರಿನಲ್ಲಿ 1960ರ ರೋಶನಿ ನಿಲಯ ಇವು ಹೆಸರಾಂತ ಶಿಕ್ಷಣಕೇಂದ್ರಗಳು. ವಿದ್ಯಾರ್ಥಿಯಾಗಿರುವಾಗಲೇ ಕ್ಷೇತ್ರಕಾರ್ಯದಲ್ಲಿ ಈ ಕೆಲಸದ ಪರಿಚಯವಾಗುತ್ತದೆ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಗೃಹಿಣಿಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಲು ಅರ್ಜಿ ಸಲ್ಲಿಸಬಹುದು. ಕನ್ನಡದಲ್ಲಿ ಮಾತನಾಡಿಸಬಲ್ಲೆವು, ಅನುವಾದಿಸಬಲ್ಲೆವು ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ ಹೆಸರು ಕೊಡಬಹುದು. ಕರೆ ಬಾರದೆ ತಿಂಗಳುಗಳು ಕಳೆಯಬಹುದು. ಬಂದ ದಿನ ಎರಡು ರೈಲು ಬದಲಿಸಿ ಹೋಗಿ, ಮಂಡಳಿಯ ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕಾಯಬೇಕಾಗಬಹುದು.

ನಮ್ಮ ಸಂಘಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ಮೂಲಕ ಭಾಷೆಯನ್ನು ಉಳಿಸಿಕೊಂಡು ಬಂದಿವೆ. ಹಾಗೆ ಉಳಿದ ಭಾಷೆ ಇಂಥ ಕಡೆಯೂ ಬಳಕೆಯಾಗಬೇಕು. ಪ್ರತಿ ಸಂಘದಲ್ಲಿ ಇಬ್ಬರೋ ಮೂವರೋ ಈ ಕೆಲಸಕ್ಕೆ ಹೆಸರು ಕೊಟ್ಟರೂ, ಊರು ಬಿಟ್ಟು ಬಂದ ತಾಯಿಯೊಬ್ಬಳು ತನ್ನ ಮಗನ ವಿಷಯವನ್ನು ತನ್ನ ಮಾತಿನಲ್ಲಿಯೇ ನ್ಯಾಯಾಲಯಕ್ಕೆ ಮುಟ್ಟಿಸುವುದು ಸಾಧ್ಯವಾಗುತ್ತದೆ.