ಹಕ್ಕಿಜ್ವರ: ಭೀತಿ ಬೇಡ, ಎಚ್ಚರಿಕೆ ಬೇಕು

ಹಕ್ಕಿಜ್ವರದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಜನರಲ್ಲಿ ಎರಡು ಬಗೆಯ ನಡವಳಿಕೆ ಕಂಡುಬರುತ್ತದೆ. ಕೆಲವರು ಕೋಳಿಮಾಂಸವನ್ನೇ ವರ್ಜಿಸುತ್ತಾರೆ. ಮತ್ತೆ ಕೆಲವರು, ಇದೆಲ್ಲ ದೊಡ್ಡ ಕೋಳಿಫಾರಂಗಳ ಮಾತು, ನಮ್ಮ ಜವಾರಿ ಕೋಳಿಗೆ ಏನೂ ಆಗದು ಎಂದು ಸುಮ್ಮನಿರುತ್ತಾರೆ. ಇವೆರಡೂ ಸರಿಯಲ್ಲ. ಅಂಗಳದಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವುದು ನಮ್ಮ ಕಡೆಯ ಹಳ್ಳಿಗಳ ವಾಡಿಕೆ. ಆದುದರಿಂದ ಈ ರೋಗದ ಸ್ವರೂಪವನ್ನೂ, ಅದು ಮನುಷ್ಯರಲ್ಲಿ ಮಹಾಸಾಂಕ್ರಾಮಿಕವಾಗಬಹುದೆಂಬ ಆತಂಕದ ಕಾರಣವನ್ನೂ ಅರಿಯುವುದು ಅವಶ್ಯ.

ರೋಗದ ಮೂಲ

ಹಕ್ಕಿಜ್ವರವು ಇನ್‌ಫ್ಲುಯೆಂಜಾ ಜಾತಿಯ ವೈರಸ್ಸಿನಿಂದ ಬರುತ್ತದೆ. ಕಾಡುಬಾತು ಮೊದಲಾದ ನೀರುಹಕ್ಕಿಗಳು ಇದರ ಸಹಜ ಆಶ್ರಯ. ಅವುಗಳ ಹಿಕ್ಕೆಯಿಂದ ನೀರಿಗೂ, ನೀರಿನಿಂದ ಸಾಕುಹಕ್ಕಿಗಳಿಗೂ ಸೋಂಕು ಹರಡುತ್ತದೆ. ಇಂದು ಹೆಚ್ಚು ಭಯ ಹುಟ್ಟಿಸಿರುವ ಎಚ್5ಎನ್1 ತಳಿಯು 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಪತ್ತೆಯಾಯಿತು. ಮರುವರ್ಷ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ತಗುಲಿ, 6 ಜನ ಮೃತರಾದರು. ಭಾರತದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಫಾರಂಗಳಲ್ಲಿ.

ನಮ್ಮ ನೆರೆಯಲ್ಲಿ

ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ, 2020ರಲ್ಲಿ ಮೈಸೂರಿನಲ್ಲಿಯೂ ಈ ರೋಗ ತಲೆದೋರಿತು. 2025ರ ಫೆಬ್ರವರಿಯಲ್ಲಿ ಅದು ಪೂರ್ವ ಮತ್ತು ಪಶ್ಚಿಮ ಗೋದಾವರಿ ಜಿಲ್ಲೆಗಳಲ್ಲಿ ಹಬ್ಬಿ, ನಮ್ಮ ಜಿಲ್ಲಾ ಕೇಂದ್ರವಾದ ಕರ್ನೂಲು ನಗರದಲ್ಲಿಯೂ ದೃಢಪಟ್ಟಿತು. ಅದೇ ಸುಮಾರಿಗೆ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಕೋಳಿಗಳು ಇದಕ್ಕೆ ಬಲಿಯಾದವು.

ಆದೋನಿ ಸೀಮೆಯು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಗಡಿ ಬದಲಾಯಿತೇ ಹೊರತು ನೆಂಟಸ್ತಿಕೆಯಾಗಲಿ, ಸಂತೆ ವ್ಯಾಪಾರವಾಗಲಿ ನಿಲ್ಲಲಿಲ್ಲ. ಆದಕಾರಣ ಕರ್ನೂಲಿನ ಎಚ್ಚರಿಕೆಯೂ ನಮ್ಮದೇ, ಬಳ್ಳಾರಿಯ ಎಚ್ಚರಿಕೆಯೂ ನಮ್ಮದೇ.

ಅದೇ 2025ರ ಮಾರ್ಚ್ ತಿಂಗಳಿನಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಈ ಜ್ವರದಿಂದ ಅಸುನೀಗಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಸೋಂಕನ್ನು ದೃಢಪಡಿಸಿತು. ಮಗು ಹಸಿ ಕೋಳಿಮಾಂಸದ ತುಣುಕನ್ನು ತಿಂದಿತ್ತೆಂದು ವರದಿಯಾಯಿತು.

ಆತಂಕವೇಕೆ?

2003ರಿಂದೀಚೆಗೆ ಜಗತ್ತಿನಲ್ಲಿ ಎಚ್5ಎನ್1 ತಗುಲಿದುದು ದೃಢಪಟ್ಟವರು 900ಕ್ಕೂ ಮಿಕ್ಕಿದ್ದಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಆದರೂ ರೋಗ ಊರಿಂದೂರಿಗೆ ಹಬ್ಬಲಿಲ್ಲವೇಕೆ? ವೈರಸ್ಸು ಜೀವಕೋಶವನ್ನು ಹೊಗಬೇಕಾದರೆ ಅದರ ಹೊರಮೈಯ ಒಂದು ಗ್ರಾಹಕಕ್ಕೆ ಅಂಟಿಕೊಳ್ಳಬೇಕು. ಇದು ಬೀಗಕ್ಕೆ ಕೀಲಿಕೈ ಹೊಂದಿದಂತೆ. ಹಕ್ಕಿಜ್ವರದ ಕೀಲಿಕೈ ಹಕ್ಕಿಗಳ ಬೀಗಕ್ಕೆ ಹೊಂದುತ್ತದೆ. ಮನುಷ್ಯನ ಮೂಗು, ಗಂಟಲುಗಳ ಬೀಗ ಬೇರೆ. ಶ್ವಾಸಕೋಶದ ಆಳದಲ್ಲಿ ಮಾತ್ರ ಹಕ್ಕಿಯ ಬಗೆಯ ಬೀಗಗಳು ಹೆಚ್ಚಾಗಿವೆ. ಆದ್ದರಿಂದಲೇ ರೋಗ ತಗುಲುವುದು ಅಪರೂಪ, ತಗುಲಿದರೆ ತೀವ್ರ. ಕೆಮ್ಮು ಸೀನುಗಳಿಂದ ಒಬ್ಬರಿಂದೊಬ್ಬರಿಗೆ ಹರಡುವುದು ಕಷ್ಟ.

ಆದರೆ ಈ ವೈರಸ್ಸು ಸದಾ ಮಾರ್ಪಡುತ್ತಿರುತ್ತದೆ. ಒಂದೇ ಹಂದಿಗೆ ಹಕ್ಕಿಯ ಹಾಗೂ ಮನುಷ್ಯನ ಫ್ಲೂ ಏಕಕಾಲಕ್ಕೆ ತಗುಲಿದರೆ ಎರಡರ ವಂಶಾಂಶಗಳು ಬೆರೆತು ಹೊಸ ತಳಿಯೊಂದು ಹುಟ್ಟಬಹುದು. 1957 ಮತ್ತು 1968ರ ಮಹಾಸಾಂಕ್ರಾಮಿಕಗಳ ವೈರಸ್ಸುಗಳಲ್ಲಿ ಹಕ್ಕಿ ಮೂಲದ ವಂಶಾಂಶಗಳಿದ್ದವು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾಕ್ಕೂ ಹಕ್ಕಿಗಳ ವೈರಸ್ಸಿನೊಡನೆ ನಂಟಿತ್ತು. 2024ರಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲಿಯೂ ಎಚ್5ಎನ್1 ಕಾಣಿಸಿಕೊಂಡುದರಿಂದ ವಿಜ್ಞಾನಿಗಳ ಚಿಂತೆ ಮತ್ತಷ್ಟು ಹೆಚ್ಚಿದೆ. ಕೋಳಿ, ಹಂದಿ, ಮಕ್ಕಳು ಒಂದೇ ತಿಪ್ಪೆಯ ಸುತ್ತ ಸುಳಿಯುವ ಊರುಗಳಿಗೆ ಈ ಚಿಂತೆ ದೂರದ್ದಲ್ಲ. ಸೋಂಕು ಹಕ್ಕಿಯಿಂದ ಮನುಷ್ಯನಿಗೆ ದಾಟುವ ಪ್ರತಿಯೊಂದು ಸಲವೂ ವೈರಸ್ಸಿಗೆ ಹೊಸ ಕೀಲಿಕೈ ರೂಪಿಸಿಕೊಳ್ಳುವ ಒಂದು ಅವಕಾಶ. ಆ ಅವಕಾಶವನ್ನು ತಪ್ಪಿಸುವುದೇ ನಮ್ಮ ಕೈಯಲ್ಲಿರುವ ಉಪಾಯ.

ನಾವು ಮಾಡಬೇಕಾದುದು

ತೂಕಡಿಸುವ ಕೋಳಿಯನ್ನು ಸಾಯುವ ಮುನ್ನ ಕೊಯ್ದು ಸಾರು ಮಾಡುವ ಅಭ್ಯಾಸ ಬಡ ಸಂಸಾರಗಳಲ್ಲಿ ಉಂಟು. ನೂರಾರು ರೂಪಾಯಿ ಬೆಲೆಯ ಜೀವವನ್ನು ಸುಮ್ಮನೆ ಹೂಳಲು ಯಾರ ಮನಸ್ಸೂ ಒಪ್ಪದು. ಆದರೆ ಅಪಾಯ ಹೆಚ್ಚಾಗಿರುವುದು ಉಣ್ಣುವುದರಲ್ಲಲ್ಲ. ಕೊಯ್ಯುವ, ಪುಕ್ಕ ಕೀಳುವ, ಕರುಳು ತೆಗೆಯುವ ಕೆಲಸದಲ್ಲಿ. ಎಲ್ಲ ಭಾಗಗಳಲ್ಲೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ವೈರಸ್ಸು ನಾಶವಾಗುತ್ತದೆ. ಆದ್ದರಿಂದ ಆರೋಗ್ಯವಂತ ಕೋಳಿಯ ಚೆನ್ನಾಗಿ ಬೆಂದ ಮಾಂಸಕ್ಕೂ ಮೊಟ್ಟೆಗೂ ಅಂಜಬೇಕಾಗಿಲ್ಲ. ಕಾಯಿಲೆಯ ಕೋಳಿಯನ್ನು ಮಾತ್ರ ಕೊಯ್ಯಲೂ ಬಾರದು, ಅಗ್ಗಕ್ಕೆ ಮಾರಲೂ ಬಾರದು.

ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಅದು ರಾಣಿಖೇತ್ ರೋಗವೂ ಇರಬಹುದು, ಹಕ್ಕಿಜ್ವರವೂ ಇರಬಹುದು. ಕಣ್ಣಿನಿಂದ ನೋಡಿ ಹೇಳಲಾಗದು. ಪಶುವೈದ್ಯರಿಗೆ ಕೂಡಲೇ ತಿಳಿಸಿದರೆ ಮಾದರಿಗಳು ಭೋಪಾಲದ ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತವೆ. ರೋಗ ದೃಢಪಟ್ಟರೆ ಸುತ್ತಲಿನ 1 ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನು ಕೊಂದು ಹೂಳುತ್ತಾರೆ. 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಹೀಗೆ ಕೊಂದ ಕೋಳಿಗಳಿಗೆ ಸರ್ಕಾರದ ಪರಿಹಾರವಿದೆ. ಅದಕ್ಕೆ ಮೊದಲೇ ರೋಗದಿಂದ ಸತ್ತವುಗಳಿಗಿಲ್ಲ. ಆದುದರಿಂದ ಮುಚ್ಚಿಡುವುದರಿಂದ ನಷ್ಟವೇ ಹೊರತು ಲಾಭವಿಲ್ಲ.

ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕೆರೆಗಾಗಲಿ ತಿಪ್ಪೆಗಾಗಲಿ ಎಸೆಯಬಾರದು. ಮಕ್ಕಳನ್ನು ದೂರವಿರಿಸಬೇಕು. ಕೋಳಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಅನಂತರದ ದಿನಗಳಲ್ಲಿ ಜ್ವರ, ಕೆಮ್ಮು, ಏದುಸಿರು ಬಂದರೆ, ಮನೆಯಲ್ಲಿ ಕೋಳಿ ಸತ್ತುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಇದಕ್ಕೆ ಔಷಧವಿದೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು.

ಐವತ್ತು ವರ್ಷಗಳಿಂದ ಅಕ್ಷರ ಕಲಿಸಿದ ಶಾಲೆಯ ಮಕ್ಕಳು ಇಂದು ಅನೇಕ ಊರುಗಳಲ್ಲಿದ್ದಾರೆ. ಪತ್ರಿಕೆಯ ಸುದ್ದಿಯನ್ನೂ ಇಲಾಖೆಯ ಪ್ರಕಟಣೆಯನ್ನೂ ಓದಿ, ಓದಲು ಬಾರದ ಹಿರಿಯರಿಗೆ ಮನೆಮಾತಿನಲ್ಲಿ ತಿಳಿಯಹೇಳುವ ಹೊಣೆ ಅವರದು. ತೂಕಡಿಸುವ ಕೋಳಿಯ ಮೇಲೆ ಕತ್ತಿ ಎತ್ತುವ ಮುನ್ನ ಪಶುವೈದ್ಯರಿಗೆ ಸುದ್ದಿ ಮುಟ್ಟುವಂತಾದರೆ ಆ ಓದು ಸಾರ್ಥಕ.